ಹುಬ್ಬಳ್ಳಿಯಲ್ಲಿ ಕಳೆದುಹೋದ ಅವ್ವ

ಮಾಲ್‌ನ ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನು ಮೊದಲು ಶೇವಂತಿಯ ಕೈ ನೋಡಿದ. ಆಮೇಲೆ ಉಜ್ವಲಾಳ ಕೈ ನೋಡಿದ. ಆಮೇಲೆ ಎರಡೂ ಕೈಗಳ ನಡುವೆ ಜೋತಾಡುತ್ತಿದ್ದ ಕೆಂಪು ದಾರವನ್ನು ನೋಡಿದ.

"ಇದೇನ್ರಿ ಇದು?" ಎಂದು ಕೇಳಿದ.

"ಮಗಳ್ರಿ," ಎಂದಳು ಶೇವಂತಿ.

ಅವನು ಮತ್ತೇನೂ ಕೇಳದೆ ಇಬ್ಬರನ್ನೂ ಒಳಗೆ ಬಿಟ್ಟ. ಉಜ್ವಲಾಳಿಗೆ ಮಾತ್ರ ಅಲ್ಲೇ ನೆಲದೊಳಗೆ ಇಳಿದುಹೋಗೋಣ ಅನ್ನಿಸಿತು. ಐದನೇ ಕ್ಲಾಸ್ ಮುಗಿಸಿದ ಹುಡುಗಿಯನ್ನು ಯಾರಾದರೂ ಹೀಗೆ ದಾರ ಕಟ್ಟಿ ಕರೆದುಕೊಂಡು ಬರುತ್ತಾರೆಯೇ? ಅವಳೇನು ಸಂತೆಗೆ ತಂದ ಆಡಿನ ಮರಿಯೇ?

ಅವರ ಮನೆ ಬನಹಟ್ಟಿಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್. ಮುಂಜಾನೆಯಿಂದ ಸಂಜೆಯವರೆಗೂ ಅವು ಖಟಪಟ ಅನ್ನುತ್ತಿರುತ್ತವೆ. ಅಪ್ಪ ಒಂದು ಮಗ್ಗದ ಮುಂದೆ, ಅವ್ವ ಇನ್ನೊಂದರ ಮುಂದೆ. ಆ ಸದ್ದಿನಲ್ಲಿ ಅವ್ವ ಏನು ಹೇಳಿದರೂ ಕೂಗಿಯೇ ಹೇಳಬೇಕು. ಹಾಗಾಗಿ ಹೊರಗೆ ಬಂದಾಗಲೂ ಅವಳು ಸ್ವಲ್ಪ ಕೂಗಿಯೇ ಮಾತಾಡುತ್ತಿದ್ದಳು.

ಬೇಸಿಗೆ ರಜೆ ಶುರುವಾದಾಗಿನಿಂದ ಉಜ್ವಲಾಳದು ಒಂದೇ ಹಟ. ಅವಳ ಗೆಳತಿ ಮಧುಮತಿ ಹುಬ್ಬಳ್ಳಿಗೆ ಹೋಗಿ ಮಾಲ್ ನೋಡಿ ಬಂದಿದ್ದಳು. ಬಂದವಳು ಎಂಟು ದಿನ ಬರೀ ಡ್ಯಾಶಿಂಗ್ ಕಾರಿನ ಸುದ್ದಿಯನ್ನೇ ಹೇಳಿದಳು. ಕೊನೆಗೆ ಲೈನ್ ರಿಪೇರಿಗೆಂದು ಒಂದು ದಿನ ಪೂರ್ತಿ ಕರೆಂಟ್ ಇರುವುದಿಲ್ಲ ಎಂದು ಗೊತ್ತಾದಾಗ, ಅವ್ವ ಹುಬ್ಬಳ್ಳಿಗೆ ಹೂಂ ಅಂದಳು.

ಆದರೆ ಶೇವಂತಿ ಮುಧೋಳ ದಾಟಿ ಹೋಗಿದ್ದೇ ಎರಡು ಸಲ. ಎರಡೂ ಸಲ ಮದುವೆಗೆ. ಅವಳ ಲೆಕ್ಕದಲ್ಲಿ ಹುಬ್ಬಳ್ಳಿ ಎಂದರೆ ಮಕ್ಕಳು ಕಳೆದುಹೋಗುವ ಊರು. ಮೊದಲನೇ ಬಸ್ಸು ಹತ್ತಿದಾಗ ಶುರುವಾದ ಬುದ್ಧಿಮಾತು ಹುಬ್ಬಳ್ಳಿ ಬಸ್‌ಸ್ಟ್ಯಾಂಡ್ ಬಂದರೂ ಮುಗಿಯಲಿಲ್ಲ. ಬಸ್ಸಿನಿಂದ ಇಳಿದ ಮೇಲೆ ಚೀಲದಿಂದ ಕೆಂಪು ನೂಲು ತೆಗೆದಳು. ನಾಲ್ಕೆಳೆ ಸೇರಿಸಿ ಹೊಸೆದ ಗಟ್ಟಿ ನೂಲು. ಒಂದು ತುದಿಯನ್ನು ಮಗಳ ಕೈಗೆ, ಇನ್ನೊಂದನ್ನು ತನ್ನ ಕೈಗೆ ಕಟ್ಟಿದಳು. ನೇಕಾರರ ಗಂಟು. ಎಳೆದಷ್ಟೂ ಬಿಗಿಯಾಗುವಂಥದು.

ಮಾಲ್‌ನೊಳಗೆ ಆ ದಾರ ಬಹಳ ಕಾಟ ಕೊಟ್ಟಿತು. ಎಸ್ಕಲೇಟರ್ ಮೇಲೆ ಉಜ್ವಲಾ ಟಕ್ಕನೆ ಹತ್ತಿಬಿಟ್ಟಳು. ಶೇವಂತಿ ಕೆಳಗೇ ನಿಂತಳು. ಉಜ್ವಲಾ ಮೇಲೆ ಮೇಲೆ ಹೋದಳು, ದಾರ ಬಿಗಿಯಾಯಿತು, ಶೇವಂತಿಯ ಕೈ ತಾನಾಗಿ ಮೇಲೆದ್ದು ಟೀಚರ್‌ಗೆ ಉತ್ತರ ಹೇಳುವವರ ಹಾಗೆ ನಿಂತಿತು. ಆಮೇಲೆ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಅವಳೂ ಹತ್ತಿದಳು. ಹಿಂದೆ ನಿಂತಿದ್ದ ಹತ್ತು ಹನ್ನೆರಡು ಮಂದಿ ನಿಟ್ಟುಸಿರು ಬಿಟ್ಟರು.

ಐಸ್‌ಕ್ರೀಮ್ ಕೊಡಿಸಿದಳು, ತಾನು ತಿನ್ನಲಿಲ್ಲ. ಹಲ್ಲು ಜುಮ್ಮೆನ್ನುತ್ತವೆ ಎಂದಳು. ಆಮೇಲೆ ಮೂರನೇ ಮಹಡಿಗೆ ಹೋದರು. ಅಲ್ಲಿತ್ತು ಡ್ಯಾಶಿಂಗ್ ಕಾರು.

ಮಧುಮತಿ ಹೇಳಿದ್ದಕ್ಕಿಂತಲೂ ಅದು ಚೆನ್ನಾಗಿತ್ತು. ಮಿಣಿಮಿಣಿ ದೀಪದ ಪುಟ್ಟ ಕಾರುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿದ್ದವು. ಹಾಡು ಕಿವಿ ಒಡೆಯುವಷ್ಟು ಜೋರಾಗಿತ್ತು. ಆದರೆ ಬಾಗಿಲ ಪಕ್ಕದಲ್ಲಿ ಒಂದು ಬೋರ್ಡ್ ಇತ್ತು. ಹನ್ನೆರಡು ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರು ಕೂರಲೇಬೇಕು.

ಶೇವಂತಿ ಸ್ವಲ್ಪ ಹೊತ್ತು ಬಾಯಿ ತೆರೆದು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ನಾ ಒಲ್ಲೆ. ಸೀರಿ ಉಟ್ಟ ಹೆಂಗಸು ಅದರಾಗ ಕುಂತ್ರ ಮಂದಿ ನಗತಾರ."

"ಇಲ್ಲಿ ನಮ್ಮನ್ನ ಯಾರ ನೋಡ್ತಾರವಾ?"

"ಇಲ್ಲಿ ಇಷ್ಟ ಮಂದಿ ಅದಾರ, ಎಲ್ಲಾರಿಗೂ ಕಣ್ಣ ಇಲ್ಲೇನ?"

ಅಲ್ಲಿಗೆ ಮುಗಿಯಿತು. ಉಜ್ವಲಾಳ ಮುಖ ಊದಿಕೊಂಡಿತು. ಅವ್ವ ಮಾತಾಡಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ.

ಕೆಳಗಿನ ಮಹಡಿಯಲ್ಲಿ ಒಂದು ದೊಡ್ಡ ಅಂಗಡಿ. ಚಹಾ ಸೋಸುವ ಜಾಲರಿ ಬೇಕು ಎಂದು ಶೇವಂತಿ ಅಲ್ಲಿಗೆ ಹೋಗಿ ಸ್ಟೀಲ್ ಸಾಮಾನಿನ ಮುಂದೆ ನಿಂತಳು. ಒಂದೊಂದೇ ಜಾಲರಿ ಎತ್ತಿ, ದೀಪಕ್ಕೆ ಹಿಡಿದು, ತೂತು ಪರೀಕ್ಷೆ ಮಾಡತೊಡಗಿದಳು.

ಉಜ್ವಲಾಳ ತಲೆಯಲ್ಲಿ ಆಗ ಒಂದು ಯೋಚನೆ ಬಂತು. ಅವಳು ದಾರಕ್ಕೆ ಬಾಯಿ ಹಾಕಿ ಕಡಿದಳು. ಬಣ್ಣದ ಕಹಿ ನಾಲಗೆಗೆ ಹತ್ತಿತು. ಪಕ್ಕದಲ್ಲಿ ಯಾರದೋ ಟ್ರಾಲಿ ನಿಂತಿತ್ತು. ಕಡಿದ ತುದಿಯನ್ನು ಅದರ ಹಿಡಿಕೆಗೆ ಕಟ್ಟಿದಳು. ಎಳೆದಷ್ಟೂ ಬಿಗಿಯಾಗುವ ಗಂಟನ್ನು ಅವ್ವನೇ ಅವಳಿಗೆ ಕಲಿಸಿದ್ದಳು. ಆಮೇಲೆ ಹಗುರಾಗಿ ಹೆಜ್ಜೆ ಇಟ್ಟು ಪೆನ್ನುಗಳ ಕಡೆಗೆ ಹೋದಳು.

ವಾಸನೆ ಬರುವ ಪೆನ್ನು, ದೀಪ ಹತ್ತುವ ಪೆನ್ನು, ತಲೆ ಮೇಲೆ ಬೆಕ್ಕು ಕೂತ ಪೆನ್ನು. ಎಲ್ಲವನ್ನೂ ಮೂಸಿ, ಒತ್ತಿ, ಗೀಚಿ ವಾಪಸ್ ಬಂದಳು. ಸ್ಟೀಲ್ ಸಾಮಾನಿನ ಮುಂದೆ ಅವ್ವ ಇರಲಿಲ್ಲ. ಟ್ರಾಲಿಯೂ ಇರಲಿಲ್ಲ.

ಮೊದಲು ಅವಳಿಗೆ ನಗು ಬಂತು. ಆಮೇಲೆ ಬಕೆಟ್ಟುಗಳ ಸಾಲು ನೋಡಿದಳು. ಬಿಸ್ಕತ್ತಿನ ಸಾಲು ನೋಡಿದಳು. ಸೀರೆಗಳ ಕಡೆ ಖಂಡಿತ ಇರುತ್ತಾಳೆ ಎಂದು ಓಡಿದಳು. ಅಲ್ಲಿ ಸೀರೆ ಉಟ್ಟ ಗೊಂಬೆಗಳು ಮಾತ್ರ ನಿಂತಿದ್ದವು. ಈಗ ನಗು ಬರಲಿಲ್ಲ. ಬಾಗಿಲ ಕಡೆ ಓಡಿದಳು.

ಅಂಗಡಿಯ ಹೊರಗೆ ಮೈಕ್ ಇಟ್ಟಿದ್ದ ಒಂದು ಕೌಂಟರ್ ಇತ್ತು. ಅಲ್ಲಿ ಕುಳಿತಿದ್ದ ಹುಡುಗಿಯ ಬ್ಯಾಡ್ಜಿನ ಮೇಲೆ ರೇಷ್ಮಾ ಎಂದು ಬರೆದಿತ್ತು. ಉಜ್ವಲಾ ಏದುಸಿರು ಬಿಡುತ್ತ ಅವಳ ಮುಂದೆ ನಿಂತಳು.

"ಅಕ್ಕಾರ, ನಮ್ಮವ್ವ ಕಳದಾಳ್ರಿ."

"ಅಂದ್ರ ನೀ ಕಳದೀಯೇನ ಪುಟ್ಟಿ?"

"ಇಲ್ರಿ. ನಾ ಇಲ್ಲೇ ಅದೇನಲ್ರಿ. ಅಕಿ ಕಳದಾಳ."

ರೇಷ್ಮಾ ನಗು ತಡೆದುಕೊಂಡು ಅವ್ವನ ಫೋನ್ ನಂಬರ್ ಕೇಳಿದಳು. ನಂಬರ್ ಉಜ್ವಲಾಳಿಗೆ ಬಾಯಿಪಾಠ. ರೇಷ್ಮಾ ಒತ್ತಿದ ತಕ್ಷಣ ಉಜ್ವಲಾಳ ಬೆನ್ನಿನ ಬ್ಯಾಗ್ ಹಾಡತೊಡಗಿತು. ಕಳ್ಳರು ಕದಿಯುತ್ತಾರೆಂದು ಅವ್ವ ಫೋನನ್ನು ಬ್ಯಾಗಿನ ತಳದಲ್ಲಿ, ಚಪಾತಿ ಡಬ್ಬಿಯ ಕೆಳಗೆ ಇಟ್ಟಿದ್ದಳು.

ಅವ್ವ ನೋಡಲು ಹೇಗಿದ್ದಾಳೆ ಎಂದು ರೇಷ್ಮಾ ಕೇಳಿದಳು. ಎತ್ತರವೋ, ಗಿಡ್ಡವೋ? ಉಜ್ವಲಾ ಯೋಚಿಸಿದಳು. ಅವ್ವ ಅವ್ವನಷ್ಟು ಎತ್ತರ. ವಯಸ್ಸೆಷ್ಟು? ಅದೂ ಗೊತ್ತಿರಲಿಲ್ಲ. ಸೀರೆ ಯಾವುದು ಎಂದು ಕೇಳಿದಾಗ ಮಾತ್ರ ಉಜ್ವಲಾ ಒಂದೇ ಉಸಿರಿಗೆ ಹೇಳಿದಳು. ಬದನೆಕಾಯಿ ಬಣ್ಣದ ಒಡಲು, ಎರಡು ಬೆರಳು ಅಗಲದ ಹಳದಿ ದಡಿ, ಸೆರಗಿನಲ್ಲಿ ಐದು ಪಟ್ಟಿ, ಮೂರನೇ ಪಟ್ಟಿಯಲ್ಲಿ ಒಂದು ಎಳೆ ತಪ್ಪಿದೆ, ತಮ್ಮದೇ ಮಗ್ಗದ್ದು.

ಎಳೆ ತಪ್ಪಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ರೇಷ್ಮಾ ಮೈಕ್‌ನಲ್ಲಿ ಹೇಳಿದಳು. ಎರಡೇ ನಿಮಿಷದಲ್ಲಿ ಬದನೆಕಾಯಿ ಬಣ್ಣದ ಸೀರೆಯ ಇಬ್ಬರು ಹೆಂಗಸರು ಓಡಿ ಬಂದರು. ಇಬ್ಬರೂ ಬೇರೆ ಯಾರದೋ ಅವ್ವಂದಿರು. ಮೂರನೆಯವಳು ಬಂದು, ತನ್ನ ಮಕ್ಕಳನ್ನು ಎಣಿಸಿ, ಎಲ್ಲವೂ ಇವೆ ಎಂದು ಸಮಾಧಾನ ಮಾಡಿಕೊಂಡು ಹೋದಳು. ಹೋಗುವಾಗ ಉಜ್ವಲಾಳನ್ನು ಬೈದು ಹೋದಳು.

ಆಗ ದಪ್ಪ ಕನ್ನಡಕದ ಒಬ್ಬರು ಟ್ರಾಲಿ ತಳ್ಳಿಕೊಂಡು ಬಂದರು. ಟ್ರಾಲಿಯಲ್ಲಿ ಎರಡು ಕಸಬರಿಗೆ, ಒಂದು ದೊಡ್ಡ ಫಿನಾಯಿಲ್ ಕ್ಯಾನ್. ಹಿಡಿಕೆಯಲ್ಲಿ ಕೆಂಪು ದಾರ ಇಳಿಬಿದ್ದಿತ್ತು. ತಮ್ಮ ಹೆಸರು ರೇವಪ್ಪ, ಒಬ್ಬ ಹೆಣ್ಣುಮಗಳು ತಮ್ಮ ಟ್ರಾಲಿಯನ್ನು ಎಳೆದುಕೊಂಡು ಹೋಗಿದ್ದಳು, ಅವಳಿಗೆ ಆರಾಮ ಇದ್ದಂತೆ ಕಾಣಲಿಲ್ಲ, ಯಾರಾದರೂ ಹೋಗಿ ನೋಡಬೇಕು ಎಂದರು.

"ಅಕಿ ಆ ಟ್ರಾಲಿ ಜೋಡಿ ಮಾತಾಡಕೋತ ಹೊಂಟಿದ್ದಳ್ರಿ," ಎಂದರು.

ಉಜ್ವಲಾ ಹಿಡಿಕೆಯ ದಾರ ಹಿಡಿದು ಕೇಳಿದಳು. "ಏನಂತ ಮಾತಾಡಿದ್ಳು ಕಾಕಾ?"

ರೇವಪ್ಪನವರು ಕನ್ನಡಕ ಸರಿಮಾಡಿಕೊಂಡರು. "'ಸಿಟ್ಟ ಬಿಡು, ನನ್ನ ಬಂಗಾರ. ನಡಿ, ಆ ಕಾರಿನಾಗ ಇಬ್ಬರೂ ಕುಂಡ್ರೂಣು. ಮಂದಿ ನಕ್ಕರ ನಗಲಿ,' ಅಂತಿದ್ದಳು. ನನಗ ನಡುವ ಬಾಯಿ ಹಾಕಾಕ ಮನಸ್ಸಾಗಲಿಲ್ಲ. ಸುಮ್ಮನ ಹಿಂದಿಂದ ಹ್ವಾದೆ."

ಅಂಗಡಿಯ ಬಾಗಿಲಲ್ಲಿ ಗಾರ್ಡ್ ಬಿಲ್ ಕೇಳಿದನಂತೆ. ನನ್ನ ಮಗಳಿಗೆ ಬಿಲ್ ಯಾಕೆ ಬೇಕು ಎಂದು ಅವಳು ಜಗಳಕ್ಕೇ ನಿಂತಳಂತೆ. ಜಗಳ ಮಾಡುತ್ತ ತಿರುಗಿ ನೋಡಿದರೆ ಎರಡು ಕಸಬರಿಗೆ. ಒಂದು ಸಲ ಕೂಗಿ, ಕೈಯ ದಾರ ಕಿತ್ತೆಸೆದು, ಮೇಲಕ್ಕೆ ಓಡಿದಳಂತೆ.

ಮೇಲೆ ಎಂದರೆ ಎಲ್ಲಿಗೆ ಎಂದು ಉಜ್ವಲಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಟ್ರಾಲಿಯನ್ನು ರೇಷ್ಮಾಳ ಹತ್ತಿರ ಬಿಟ್ಟು ರೇವಪ್ಪನವರೂ ಜೊತೆಗೆ ಬಂದರು. ಮೂರನೇ ಮಹಡಿಯ ಹಾಡಿನ ಅಬ್ಬರದಲ್ಲಿ ಮೈಕ್ ಇರಲಿ, ಗುಡುಗಿದರೂ ಕೇಳುವಂತಿರಲಿಲ್ಲ. ಉಜ್ವಲಾ ಕಂಬಿ ಹಿಡಿದು ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

ನೀಲಿ ಡ್ಯಾಶಿಂಗ್ ಕಾರಿನಲ್ಲಿ ಅವಳ ಅವ್ವ ಕೂತಿದ್ದಳು.

ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ್ದಳು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈ ಗಾಳಿಯಲ್ಲಿ. ಮುಂದೆ ಒಂದು ಕೆಂಪು ಕಾರು ಓಡುತ್ತಿತ್ತು. ಅದರಲ್ಲಿ ತನ್ನ ಅಪ್ಪನ ಪಕ್ಕ ಕೂತ ಹುಡುಗಿ, ಉಜ್ವಲಾಳದೇ ಥರದ ಹಳದಿ ಫ್ರಾಕ್ ತೊಟ್ಟಿದ್ದಳು. ಅವ್ವ ಮಗ್ಗದ ಸದ್ದನ್ನೂ ಮೀರಿಸುವ ದನಿಯಲ್ಲಿ ಉಜ್ವಲಾ ನಿಲ್ಲು, ನಿಲ್ಲಬೇ ಎಂದು ಕೂಗುತ್ತ ಅದರ ಬೆನ್ನು ಹತ್ತಿದ್ದಳು. ಯಾರೋ ಆಟಕ್ಕೆ ಅಟ್ಟಿಸಿಕೊಂಡು ಬರುತ್ತಿದ್ದಾರೆಂದು ಆ ಹುಡುಗಿ ಖುಷಿಯಿಂದ ಕಿರುಚುತ್ತಿದ್ದಳು.

ಟಿಕೆಟ್ ಕೊಡುವವಳು ಹೇಳಿದಳು: ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದಿದ್ದಕ್ಕೆ ಈ ಅಕ್ಕ ಟಿಕೆಟ್ ತೆಗೆದುಕೊಂಡರು, ಬೆಲ್ ಆಗುವತನಕ ಅಂಕಣದಲ್ಲಿ ನಡೆದಾಡುವಂತಿಲ್ಲ ಎಂದಿದ್ದಕ್ಕೆ ಕಾರು ಹತ್ತಿದರು.

ಕೆಂಪು ಕಾರು ತಿರುವಿನಲ್ಲಿ ಸಿಕ್ಕಿಕೊಂಡಿತು. ಶೇವಂತಿ ಹೋಗಿ ಢಮ್ಮೆಂದು ಗುದ್ದಿದಳು. ಹುಡುಗಿ ತಿರುಗಿ ನೋಡಿದಳು. ಅದು ತನ್ನ ಮಗಳ ಮುಖ ಅಲ್ಲ ಎಂದು ಕಂಡಾಗ ಅವ್ವನ ಕೈಗಳು ಸ್ಟೀರಿಂಗ್ ಬಿಟ್ಟು ಕೆಳಗೆ ಬಿದ್ದವು. ಅಷ್ಟು ಸಣ್ಣದಾದ ಅವ್ವನನ್ನು ಉಜ್ವಲಾ ಎಂದೂ ನೋಡಿರಲಿಲ್ಲ.

"ಯವ್ವಾ," ಎಂದು ಅವಳು ಕಂಬಿ ಹತ್ತಿ ಕೂಗಿದಳು. "ನಾ ಇಲ್ಲಿ ಅದೇನಿ."

ಅವ್ವ ನೋಡಿದಳು. ಅವಳ ಮುಖ ಅಳುವುದಕ್ಕೆ ತಯಾರಾಯಿತು. ಅಷ್ಟರಲ್ಲಿ ದೊಡ್ಡ ಮೀಸೆಯ ಒಬ್ಬ ಮನುಷ್ಯ ಹಿಂದಿನಿಂದ ಬಂದು ಅವಳ ಕಾರಿಗೆ ಗುದ್ದಿದ. ಕಾರು ಗರ್ರನೆ ತಿರುಗಿತು. ಮಗಳ ಕಡೆ ಬರಬೇಕೆಂದು ಸ್ಟೀರಿಂಗ್ ತಿರುಗಿಸಿದಳು, ಮೀಸೆಯವನು ಮತ್ತೆ ಗುದ್ದಿದ. ಶೇವಂತಿ ಮಗಳನ್ನು ಒಂದು ಸಲ ನೋಡಿದಳು. ಮಗಳು ಅಲ್ಲೇ ಇದ್ದಳು, ರೇವಪ್ಪನವರು ಅವಳ ಭುಜ ಹಿಡಿದಿದ್ದರು. ಆಮೇಲೆ ಅವಳು ಮೀಸೆಯವನ ಕಡೆ ತಿರುಗಿದಳು.

ಅದಾದ ಮೇಲೆ ನಡೆದದ್ದನ್ನು ಮಧುಮತಿಗೆ ಹೇಳಿದರೂ ಅವಳು ನಂಬಲಾರಳು. ಶೇವಂತಿ ಅವನಿಗೆ ಬಲಗಡೆಯಿಂದ ಗುದ್ದಿದಳು, ಎಡಗಡೆಯಿಂದ ಗುದ್ದಿದಳು, ಮೂಲೆಗೆ ತಳ್ಳಿ ಮತ್ತೂ ಗುದ್ದಿದಳು. ಗುದ್ದುತ್ತ ನಗುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದ ನಗುವಲ್ಲ. ತಲೆ ಹಿಂದಕ್ಕೆ ಎಸೆದು, ಹಲ್ಲೆಲ್ಲ ಕಾಣುವಂಥ ನಗು. ಬೆಲ್ ಆಗುವತನಕ ಉಜ್ವಲಾ ಅವಳನ್ನು ಮತ್ತೆ ಕರೆಯಲಿಲ್ಲ.

ಹೊರಗೆ ಬಂದು ಶೇವಂತಿ ಮೊದಲು ಮಗಳ ಬೆನ್ನಿಗೊಂದು ಕೊಟ್ಟಳು. ಆಮೇಲೆ ಅಪ್ಪಿಕೊಂಡು ಅತ್ತಳು. ಅವಳ ಸೆರಗಿನಲ್ಲಿ ಮುಖ ಇಟ್ಟುಕೊಂಡೇ ಉಜ್ವಲಾ ಹೇಳಿದಳು, ದಾರ ಕಡಿದದ್ದು ತಾನೇ, ಟ್ರಾಲಿಗೆ ಕಟ್ಟಿದ್ದೂ ತಾನೇ ಎಂದು.

ಅವ್ವ ಮಗಳ ಕೈಯಲ್ಲಿ ಉಳಿದಿದ್ದ ದಾರದ ತುಂಡನ್ನು ತಿರುಗಿಸಿ ನೋಡಿದಳು.

"ಆ ಟ್ರಾಲಿಗೆ ಎಷ್ಟ ಬುದ್ಧಿ ಹೇಳೇನಿ ಗೊತ್ತೈತೇನ?" ಎಂದಳು. "ನಿನಗಿಂತ ಛಲೋ ಕೇಳ್ತು ಅದು."

ರೇವಪ್ಪನವರು ನಗುತ್ತ ತಮ್ಮ ಕಸಬರಿಗೆಗಳ ಕಡೆ ಹೊರಟುಹೋದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಶೇವಂತಿ ಕಣ್ಣು ಒರೆಸಿಕೊಂಡಳು, ಕೂದಲು ಸರಿಮಾಡಿಕೊಂಡಳು. ಆಮೇಲೆ ಮಗಳನ್ನು ನೋಡದೆ, ಕಾರುಗಳನ್ನೇ ನೋಡುತ್ತ, ಇನ್ನೊಂದು ಸಲ ಹೋಗೋಣವೇ ಎಂದು ಕೇಳಿದಳು. ನಿನಗೆ ಬೇಕಿದ್ದರೆ ಮಾತ್ರ ಎಂದೂ ಸೇರಿಸಿದಳು.

ಈ ಸಲ ಇಬ್ಬರೂ ನೀಲಿ ಕಾರಿನಲ್ಲಿ ಕೂತರು. ಉಜ್ವಲಾ ಓಡಿಹೋಗಿ ಸ್ಟೀರಿಂಗ್ ಹಿಡಿದಳು. ಎಂಟು ದಿನ ಕನಸಿನಲ್ಲೂ ಅದನ್ನೇ ತಿರುಗಿಸಿದ್ದಳು. ಅವ್ವ ಪಕ್ಕದಲ್ಲಿ ಕೈ ಕಟ್ಟಿಕೊಂಡು ಜಾಣೆಯ ಹಾಗೆ ಕೂತಳು. ಆದರೆ ಅವಳ ಕಾಲು ಮಾತ್ರ ಕೆಳಗೆ ಪೆಡಲ್ ಹುಡುಕುತ್ತಿತ್ತು.

ಉಜ್ವಲಾ ಆ ಕಾಲು ನೋಡಿದಳು. ಅವ್ವನ ಮುಖ ನೋಡಿದಳು. ತನ್ನ ಕ್ಲಾಸಿನ ಯಾರದೋ ಮುಖ ನೋಡಿದಂತಾಯಿತು.

"ಯವ್ವಾ, ನೀ ಈ ಕಡೆ ಬಾ," ಎಂದು ಅವಳು ಸರಿದು ಕೂತಳು.

ಶೇವಂತಿ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದಳು. ಬೆಲ್ ಆಯಿತು, ದೀಪ ಹತ್ತಿತು.

"ಯಾರನ್ನ ಮೊದಲ ಗುದ್ದಲಿ?" ಎಂದು ಕೇಳಿದಳು.

ಉಜ್ವಲಾ ಅಂಕಣವನ್ನೆಲ್ಲ ಒಂದು ಸುತ್ತು ನೋಡಿ, ಮೆಲ್ಲಗೆ ಮೀಸೆಯವನ ಕಡೆ ಬೆರಳು ಮಾಡಿ ತೋರಿಸಿದಳು.