ತಪ್ಪು ಕುದುರೆಯದಲ್ಲ

ಭಾವಮೈದ ಆ ಮಾತನ್ನು ಸಿಟ್ಟಿನಿಂದ ಆಡಿದ್ದರೆ ದುರ್ಬೀನು ಸಾಹೇಬರು ಮರೆತುಬಿಡುತ್ತಿದ್ದರೋ ಏನೋ. ಅವನು ನಗುನಗುತ್ತಾ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಆಡಿದ.

"ಭಾವ, ಕುದುರೆಗೂ ಹೆದರಿಕೆ ಅನ್ನೋದು ಇರುತ್ತಲ್ವಾ? ಪಾಪ, ಅದಕ್ಕೆ ಆ ಸವಾರ ಏನ್ ಮಾಡ್ತಾನೆ?"

ಸಾಹೇಬರ ಹೆಂಡತಿ ತಮ್ಮನ ತಟ್ಟೆಗೆ ಇನ್ನಷ್ಟು ಬಡಿಸುತ್ತಾ ತಾನೂ ನಕ್ಕಳು. ಸಾಹೇಬರು ನೀರು ಕುಡಿದು ಎದ್ದುಹೋದರು. ಕುದುರೆಯ ಹೆದರಿಕೆಯ ಬಗ್ಗೆ ತನಗೆ ಪಾಠ ಹೇಳುತ್ತಿರುವವನು ಯಾರು? ಸೋಫಾ, ಮಂಚ ಮಾರುವವನು. ಜೀವಮಾನದಲ್ಲಿ ಅವನು ಹತ್ತಿದ ಕುದುರೆಯೆಂದರೆ ಮಕ್ಕಳ ಪಾರ್ಕಿನಲ್ಲಿ ಗುಂಡಗೆ ತಿರುಗುವ ಮರದ ಕುದುರೆ ಒಂದೇ. ಅಂಥವನನ್ನು ಯಾರೋ ತಲೆಕೆಟ್ಟವರು ರೇಸ್ ಕೋರ್ಸಿನ ಮೇಲ್ಮನವಿ ಸಮಿತಿಯಲ್ಲಿ ಕೂರಿಸಿದ್ದರು. ಆ ಸಮಿತಿ ಸಾಹೇಬರ ತೀರ್ಪನ್ನು ಎತ್ತಿ ಕಸದ ಬುಟ್ಟಿಗೆ ಹಾಕಿತ್ತು.

ಸಾಹೇಬರು ರೇಸ್ ಕೋರ್ಸಿನ ಮುಖ್ಯ ತೀರ್ಪುಗಾರರು. ಯಾವ ಕುದುರೆ ಗೆದ್ದಿತೆಂದು ಹೇಳುವುದು ಅವರ ಕೆಲಸವಲ್ಲ. ಅದನ್ನು ಕಣ್ಣಿರುವ ಯಾವ ದ್ವಾರಪಾಲಕನೂ ಹೇಳಿಯಾನು. ಗೆಲ್ಲಬೇಕಿದ್ದ ಕುದುರೆ ಯಾಕೆ ಸೋತಿತು ಎಂದು ಹೇಳುವುದು ಅವರ ಕೆಲಸ. ಓಟ ಮುಗಿದ ಮೇಲೆ ವೀಕ್ಷಣಾ ಗೋಪುರದ ಕೆಳಗಿನ ಸಣ್ಣ ಕೋಣೆಯಲ್ಲಿ ಅವರು ಕೂರುತ್ತಿದ್ದರು. ಸೋತ ಸವಾರ ಟೋಪಿ ಕೈಯಲ್ಲಿ ಹಿಡಿದು, ಕೆಸರು ಮೆತ್ತಿದ ಮುಖದಲ್ಲೇ ಎದುರು ನಿಲ್ಲುತ್ತಿದ್ದ. ತಪ್ಪು ಕುದುರೆಯದೋ ಸವಾರನದೋ? ಕುದುರೆಯದಾದರೆ ಅದು ಲಾಯಕ್ಕೆ ಹೋಗಿ ಹುಲ್ಲು ತಿನ್ನುತ್ತಿತ್ತು. ಸವಾರನದಾದರೆ ಅವನ ಪರವಾನಗಿ ಹೋಗುತ್ತಿತ್ತು. ಸಾಹೇಬರ ಕಾಲದಲ್ಲಿ ತಪ್ಪು ಕುದುರೆಯದಾದದ್ದು ಬಹಳ ಅಪರೂಪ. ಕುದುರೆಗೆ ಕಪಟ ಗೊತ್ತಿಲ್ಲ, ಸವಾರನಿಗೆ ಅದೊಂದು ಬಿಟ್ಟು ಬೇರೇನೂ ಗೊತ್ತಿಲ್ಲ ಎಂಬುದು ಅವರ ಗಟ್ಟಿ ಅಭಿಪ್ರಾಯ. ಕೊರಳಲ್ಲಿ ಸದಾ ತೂಗುವ ದುರ್ಬೀನಿನಿಂದ ಅವರು ಓಟವನ್ನು ನೋಡುತ್ತಲೇ ಇರಲಿಲ್ಲ. ಸವಾರರ ಕೈಗಳನ್ನು ನೋಡುತ್ತಿದ್ದರು. ಆ ಹೆಸರು ಅವರಿಗೆ ಬಂದದ್ದು ಹಾಗೆ. ಇಟ್ಟವರು ಹಿಂದಿನಿಂದ ಹಲ್ಲು ಕಿರಿಯುತ್ತಾರೆಂದು ಗೊತ್ತಿದ್ದರೂ ಅವರಿಗೆ ಅದು ಬಿರುದಿನಂತೆಯೇ ಕಾಣುತ್ತಿತ್ತು.

ಕಳೆದ ಸಲ ಎದುರು ನಿಂತವನು ಗುಬ್ಬಿ. ಸವಾರರ ನಡುವೆಯೂ ಕುಳ್ಳ, ಗಾಳಿ ಬೀಸಿದರೆ ಹಾರಿಹೋಗುವಂಥ ಆಳು. ಅವನು ಏರಿದ್ದದ್ದು ಕಂದು ಬಣ್ಣದ ಹೆಣ್ಣು ಕುದುರೆ. ಅದಕ್ಕೆ ಲಾಯದವರು ಇಟ್ಟ ಹೆಸರು ಪುಕ್ಕಲಿ. ಎಲ್ಲರೂ ಗೆಲ್ಲುತ್ತದೆಂದು ನಂಬಿದ್ದ ಆ ಕುದುರೆ ಕೊನೆಯ ತಿರುವಿನಲ್ಲಿ ಬಸವಳಿದು, ಮಂದೆಯ ಹಿಂದೆ ಹಸುವಿನಂತೆ ಬಂದು ಸೇರಿತು.

"ಲಗಾಮು ಎಳೆದೆ. ನಾನು ನೋಡಿದೆ" ಎಂದಿದ್ದರು ಸಾಹೇಬರು.

"ಎಳೀಲಿಲ್ಲ ಸಾರ್, ಆಣೆಗೂ. ಇವ್ಳು ಓಟ ಶುರುವಾಗೋ ಮೊದ್ಲೇ ಓಡಿ ಮುಗಿಸಿರ್ತಾಳೆ. ಜನ ಕಂಡ್ರೆ ನಡುಗ್ತಾಳೆ, ಧ್ವನಿವರ್ಧಕ ಕೂಗಿದ್ರೆ ನೆಗೀತಾಳೆ. ಗೇಟಿಗೆ ಬರೋಷ್ಟರಲ್ಲಿ ಬೆವ್ರು ಸುರಿದು ಸುರಿದು ಒಳಗೇನೂ ಉಳಿದಿರಲ್ಲ. ಒಂದೇ ಒಂದು ದಿನ ಅವ್ಳ ಎದೆ ಡವಡವ ನಿಲ್ಲಲಿ ಸಾರ್, ಹಿಂದೆ ಬರೋರಿಗೆ ಅವ್ಳ ಬಾಲಾನೂ ಕಾಣಲ್ಲ."

ಕುದುರೆಯ ಎದೆಯ ಡವಡವ! ಸಾಹೇಬರು ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಆರು ತಿಂಗಳ ಮಟ್ಟಿಗೆ ಪರವಾನಗಿ ಕಿತ್ತುಕೊಂಡರು. ಸಮಿತಿ ಅದನ್ನು ವಾಪಸ್ ಕೊಟ್ಟಿತು. ತಪ್ಪು ಕುದುರೆಯ ಸ್ವಭಾವದ್ದು, ಸವಾರನದಲ್ಲ ಎಂದಿತು. ಅಷ್ಟಕ್ಕೇ ಮುಗಿಯಲಿಲ್ಲ. ವಯಸ್ಸಾಯಿತು, ದುರ್ಬೀನಿನ ಗಾಜು ಮಸುಕಾಗಿದೆ ಎಂಬ ಮಾತು ಕ್ಯಾಂಟೀನಿನವರೆಗೂ ಹಬ್ಬಿತು. ರೇಸ್ ಕೋರ್ಸಿನ ಅಧ್ಯಕ್ಷರು ಹೆಗಲ ಮೇಲೆ ಕೈಯಿಟ್ಟು, "ಇನ್ನೊಂದು ಸಲ ಹೀಗಾದ್ರೆ ನನ್ ಕೈಲೇನೂ ಇರಲ್ಲ, ನೋಡಿ" ಎಂದರು. ಆ ಕುರ್ಚಿ ಹೋದರೆ ತಾನೇನು? ದಿನವಿಡೀ ಮನೆಯಲ್ಲಿ ಕೂತು ಭಾವಮೈದನ ಸೋಫಾ ಕತೆ ಕೇಳುವ ನಿವೃತ್ತ ಮುದುಕ.

ಕುರ್ಚಿ ಉಳಿಯಬೇಕಾದರೆ ಅದೇ ಕುದುರೆ ಅದೇ ಸವಾರನ ಕೆಳಗೆ ಮತ್ತೊಮ್ಮೆ ಸೋಲಬೇಕಿತ್ತು. ತಪ್ಪು ಕುದುರೆಯದು ಎಂದು ಯಾರೂ ಉಸಿರೆತ್ತದಂತೆ ಸೋಲಬೇಕಿತ್ತು. ಋತುವಿನ ಕೊನೆಯ ದೊಡ್ಡ ಓಟಕ್ಕೆ ಪುಕ್ಕಲಿಯ ಮೇಲೆ ಗುಬ್ಬಿಯೇ ಎಂದು ಅದರ ತರಬೇತುಗಾರ್ತಿ ಹಟ ಹಿಡಿದಿದ್ದಳು. ಗಂಡ ಸತ್ತ ಮೇಲೆ ಅವನ ಲಾಯವನ್ನು ತಾನೇ ನಡೆಸುತ್ತಿದ್ದ ಆ ಹೆಂಗಸು ಕುದುರೆಗಳ ಜೊತೆ ಮಾತಾಡುತ್ತಿದ್ದಳಂತೆ. ಮಾತಾಡಲಿ, ಹಾಡು ಬೇಕಾದರೂ ಹೇಳಲಿ. ಸಾಹೇಬರಿಗೆ ಬೇಕಾದದ್ದೆಲ್ಲ ತಾನಾಗಿಯೇ ಕಾಲ ಬುಡಕ್ಕೆ ಬಂದು ಬಿದ್ದಿತ್ತು.

ಹುಂಬರು ಕುದುರೆಗೆ ಮದ್ದು ಹಾಕಿ ಸಿಕ್ಕಿಬೀಳುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಸಿಕ್ಕಿಬೀಳುವುದಕ್ಕೆ ಕಾರಣ ಎರಡು: ಆಸೆಬುರುಕತನ, ಮತ್ತು ನಿಯಮ ಗೊತ್ತಿಲ್ಲದಿರುವುದು. ಗೆದ್ದ ಕುದುರೆಯ ಮೂತ್ರಕ್ಕೆ ಅತ್ತರಿನ ಮರ್ಯಾದೆ: ಸೀಸೆ, ಮೊಹರು, ಪ್ರಯೋಗಾಲಯ. ಸೋತ ಕುದುರೆಯದು ಚರಂಡಿಗೆ. ಸೋತದ್ದನ್ನೂ ಪರೀಕ್ಷೆಗೆ ಕಳಿಸಬೇಕಾದರೆ ಕುದುರೆಯ ಮೇಲೆ ಅನುಮಾನವಿದೆ ಎಂದು ಮುಖ್ಯ ತೀರ್ಪುಗಾರ ಬಾಯಿಬಿಟ್ಟು ಹೇಳಬೇಕು. ಆ ಬಾಯಿ ತನ್ನದೇ. ಅಪರಾಧಿಯೂ ತಾನೇ, ತೀರ್ಪುಗಾರನೂ ತಾನೇ. ಇಷ್ಟು ಅಚ್ಚುಕಟ್ಟಾದ ಯೋಜನೆ ಈವರೆಗೆ ಯಾರಿಗೂ ಹೊಳೆಯದಿದ್ದದ್ದು ಅವರಿಗೆ ಸೋಜಿಗವೆನಿಸಲಿಲ್ಲ. ಹೊಳೆಯಲು ತಲೆ ಬೇಕಲ್ಲ.

ಮದ್ದು ಮನೆಯಲ್ಲೇ ಇತ್ತು. ಹೋದ ವರ್ಷ ಸತ್ತ ಅವರ ಸ್ವಂತ ಕುದುರೆಗೆ ಲಾಳ ಹೊಡೆಸುವಾಗ ಒದೆಯದಿರಲೆಂದು ಕೊಡುತ್ತಿದ್ದ ಬಿಳಿ ಪುಡಿ ಅದು. ಒಂದು ಚಮಚ ಹಾಕಿದರೆ ಆ ಮುದಿ ಪ್ರಾಣಿ ತುಟಿ ಜೋತು ಬಿಟ್ಟುಕೊಂಡು, ಪೂರ್ತಿ ಭಾಷಣ ಕೇಳಿಸಿಕೊಂಡ ಸಭಿಕನಂತೆ ನಿಂತುಬಿಡುತ್ತಿತ್ತು. ಅಷ್ಟು ಹಾಕಿದರೆ ಪುಕ್ಕಲಿ ಎಲ್ಲರ ಕಣ್ಣೆದುರೇ ತೂರಾಡುತ್ತದೆ. ಆದ್ದರಿಂದ ಚಿಟಿಕೆ ಪುಡಿ ಸಾಕೆಂದು ಲೆಕ್ಕ ಹಾಕಿದರು. ನಡೆ ನೆಟ್ಟಗಿರಬೇಕು, ಚುರುಕು ಮಾತ್ರ ಸಾಯಬೇಕು. ಮಿತ ಎಂಬುದು ಬುದ್ಧಿವಂತರಿಗೆ ಮಾತ್ರ ಬರುವ ವಿದ್ಯೆ ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು.

ಇನ್ನು ಉಳಿದದ್ದು ಬೀಗದ ಲಾಯ. ಹಿಂದೊಮ್ಮೆ ಯಾರೋ ಕುದುರೆಗೆ ಏನನ್ನೋ ತಿನ್ನಿಸಿ ಗಲಾಟೆಯಾದ ಮೇಲೆ ಸಾಹೇಬರೇ ತಂದ ವ್ಯವಸ್ಥೆ ಅದು. ದೊಡ್ಡ ಓಟದ ದಿನ ಮುಖ್ಯ ಕುದುರೆಗಳನ್ನು ಬೆಳಿಗ್ಗೆಯೇ ಒಂದೊಂದು ಕೋಣೆಯಲ್ಲಿ ಕೂಡಿ ಬೀಗ ಹಾಕುವುದು. ಎಲ್ಲ ಬೀಗಕ್ಕೂ ಒಂದೇ ಕೀಲಿಕೈ, ಅದು ಮುಖ್ಯ ತೀರ್ಪುಗಾರರ ಜೇಬಿನಲ್ಲಿ. ಎರಡನೆಯ ಕೀಲಿಕೈಯನ್ನು ಅವರು ಎಲ್ಲರ ಮುಂದೆ ಸುತ್ತಿಗೆಯಿಂದ ಜಜ್ಜಿಸಿದ್ದರು. ಮೇವು ಹಾಕುವವನೂ ಬೀಗ ಬೀಳುವ ಮೊದಲೇ ಹಾಕಿ ಹೋಗಬೇಕು. ಇದೇ ಈಗ ಗುಬ್ಬಿಯ ಕೊರಳಿಗೆ ಉರುಲು. ಕುದುರೆ ನನ್ನ ಬೀಗದೊಳಗಿತ್ತು, ನನ್ನನ್ನು ಬಿಟ್ಟು ನೊಣವೂ ಒಳಗೆ ಹೋಗಿಲ್ಲ; ಹಾಗಿರುವಾಗ ಸೋತದ್ದು ಯಾರ ತಪ್ಪು? ಭಾವಮೈದ ತನ್ನ ಸಮಿತಿಯನ್ನು ಕಟ್ಟಿಕೊಂಡು ಬಂದು ಉತ್ತರಿಸಲಿ.

ಓಟದ ದಿನ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಕ್ಯಾರೆಟ್ ಆರಿಸುತ್ತಿದ್ದುದನ್ನು ಹೆಂಡತಿ ನೋಡಿದಳು.

"ಅದ್ಯಾಕ್ರೀ?"

"ಕುದುರೆಗೆ."

"ಮನೇಲಿರೋರಿಗೆ ಒಂದ್ ದಿನ ಹೀಗೆ ಪ್ರೀತಿಯಿಂದ ಏನಾದ್ರೂ ತಂದ್ಕೊಟ್ಟಿದ್ದೀರಾ?" ಎಂದು ಅವಳು ಗೊಣಗಿಕೊಂಡು ಹೋದಳು. ಸಾಹೇಬರು ಕ್ಯಾರೆಟ್ಟನ್ನು ಸೀಳಿ, ಪುಡಿ ತುಂಬಿ, ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಬೀಗದ ಲಾಯಗಳ ಸಾಲಿಗೆ ಹೋಗುವಾಗ ಕಿರಿಯ ತೀರ್ಪುಗಾರನನ್ನು ಜೊತೆಗೆ ಕರೆದುಕೊಂಡರು. ಎಲ್ಲಕ್ಕೂ ಹೂಂಗುಟ್ಟುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಆಸಾಮಿ ಅವನು. ಸಾಹೇಬರ ದೃಷ್ಟಿಯಲ್ಲಿ ಅವನಿಗೂ ಗೋಡೆಗೂ ಇದ್ದ ವ್ಯತ್ಯಾಸವೆಂದರೆ ಗೋಡೆ ಸಂಬಳ ಕೇಳುವುದಿಲ್ಲ ಎಂಬುದು. ಆದರೆ ಸಾಕ್ಷಿಗೆ ಇಂಥವರೇ ಲೇಸು. ಸಾಲಿನ ಬಾಗಿಲ ಬಳಿ ಅವನನ್ನು ನಿಲ್ಲಿಸಿ, "ಇಲ್ಲೇ ನಿಂತಿರು. ಬೆಳಿಗ್ಗೆಯಿಂದ ಆ ಕುದುರೇನ ನನ್ನ ಬಿಟ್ರೆ ಯಾರೂ ಮುಟ್ಟಿಲ್ಲ. ಮುಟ್ಟೋದೂ ಇಲ್ಲ. ಯಾರೇ ಕೇಳಿದ್ರೂ ಇದನ್ನೇ ಹೇಳ್ಬೇಕು. ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಸಾರ್. ನಿಮ್ಮನ್ನ ಬಿಟ್ರೆ ಯಾರೂ ಮುಟ್ಟಿಲ್ಲ."

ಒಳಗೆ ಪುಕ್ಕಲಿ ಬೀಗದ ಸದ್ದಿಗೇ ಬೆಚ್ಚಿ ಮೂಲೆಗೆ ಒತ್ತಿಕೊಂಡು ನಿಂತಿತ್ತು. ದೂರದ ಧ್ವನಿವರ್ಧಕ ಒಮ್ಮೆ ಕೆಮ್ಮಿದ್ದಕ್ಕೆ ಅದರ ಮೈಯೆಲ್ಲ ಅದುರಿತು. ಕುತ್ತಿಗೆಯ ಮೇಲೆ ಆಗಲೇ ಬೆವರು ಒಸರುತ್ತಿತ್ತು. ಸೆಖೆ ಎಂದುಕೊಂಡರು ಸಾಹೇಬರು. ಕ್ಯಾರೆಟ್ ಚಾಚಿದರು. ಅದು ಹಿಂದೆ ಮುಂದೆ ನೋಡಿ, ಮೂಸಿ, ಕೊನೆಗೆ ಅಂಗೈಯನ್ನು ಬೆಚ್ಚಗೆ ನೆಕ್ಕಿ ತಿಂದುಬಿಟ್ಟಿತು. ಮನುಷ್ಯರಂತೆಯೇ, ಯಾರನ್ನು ನಂಬಬೇಕೆಂದು ಇದಕ್ಕೂ ಗೊತ್ತಿಲ್ಲ. ಅವರು ಕೈ ಒರೆಸಿಕೊಂಡು ಬೀಗ ಹಾಕಿದರು.

ಓಟಕ್ಕೆ ಮುಂಚೆ ಕುದುರೆಗಳನ್ನು ಜನರೆದುರು ಸುತ್ತು ನಡೆಸುವಾಗ ಅವರು ದುರ್ಬೀನು ಏರಿಸಿದರು. ಪುಕ್ಕಲಿ ತಲೆ ತಗ್ಗಿಸಿಕೊಂಡು, ಬೆವರಿಲ್ಲದ ಒಣ ಮೈಯಲ್ಲಿ, ನಿದ್ದೆಯಿಂದ ಆಗತಾನೇ ಎದ್ದುಬಂದಂತೆ ಹೆಜ್ಜೆ ಹಾಕುತ್ತಿತ್ತು. ಧ್ವನಿವರ್ಧಕ ಕಿವಿ ಹರಿಯುವಂತೆ ಕಿರುಚಿತು; ಕುದುರೆ ಕಿವಿಯನ್ನೂ ಆಡಿಸಲಿಲ್ಲ. ಸಾಹೇಬರ ಮನಸ್ಸು ತುಂಬಿ ಬಂತು. ಚುರುಕು ಸತ್ತಿದೆ! ಅತ್ತ ತರಬೇತುಗಾರ್ತಿ ಗುಬ್ಬಿಯ ತೋಳು ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ನೋಡೋ, ನೋಡೋ ಅವ್ಳನ್ನ! ಎಷ್ಟು ಸಮಾಧಾನವಾಗಿದ್ದಾಳೆ!" ಎನ್ನುತ್ತಿದ್ದಳು. ಮಂಕಿಗೂ ಸಮಾಧಾನಕ್ಕೂ ವ್ಯತ್ಯಾಸ ತಿಳಿಯದ ಇವರೆಲ್ಲ ಕುದುರೆ ಸಾಕುವವರು! ಸಾಹೇಬರು ತೀರ್ಪಿನ ಮೊದಲ ವಾಕ್ಯವನ್ನು ಆಗಲೇ ಮನಸ್ಸಿನಲ್ಲಿ ತಿದ್ದತೊಡಗಿದ್ದರು. ಈ ಸಲ ಆರು ತಿಂಗಳ ಮಾತೇ ಇಲ್ಲ. ಗುಬ್ಬಿ ಜನ್ಮದಲ್ಲಿ ಇನ್ನು ಜೀನಿನ ಮೇಲೆ ಕೂರುವಂತಿಲ್ಲ.

ಗೇಟು ತೆರೆಯಿತು. ವಾಡಿಕೆಯಂತೆ ಅವರು ಓಟವನ್ನು ನೋಡಲಿಲ್ಲ, ಗುಬ್ಬಿಯ ಕೈಗಳನ್ನು ನೋಡಿದರು. ಕೈ ಕೆಳಗೆ, ಅಲುಗಾಡದೆ, ಲಗಾಮು ಸಡಿಲ. ಎಳೆಯುತ್ತಾನೆ, ಈಗ ಎಳೆಯುತ್ತಾನೆ ಎಂದು ಉಸಿರು ಬಿಗಿಹಿಡಿದರು. ತಿರುವು ಬಂತು, ತಿರುವು ಹೋಯಿತು. ಕೈ ಅಲ್ಲೇ ಇತ್ತು. ದುರ್ಬೀನಿನೊಳಗೆ ಗುಬ್ಬಿ ಒಬ್ಬನೇ ಇದ್ದಾನೆ, ಅಕ್ಕಪಕ್ಕ ಬೇರೆ ಕುದುರೆಯ ಮೂತಿಯೊಂದೂ ಇಲ್ಲ ಎಂಬುದು ಅವರಿಗೆ ತಡವಾಗಿ ಹೊಳೆಯಿತು. ಹಿಂದೆ ಬಿದ್ದಿರಬೇಕೆಂದುಕೊಂಡು ದುರ್ಬೀನು ಇಳಿಸಿದರು. ಬರಿಗಣ್ಣಿಗೆ ಕಂಡದ್ದೇ ಬೇರೆ. ಉಳಿದ ಕುದುರೆಗಳೆಲ್ಲ ಎಲ್ಲೋ ಹಿಂದೆ ಧೂಳಿನಲ್ಲಿದ್ದವು. ಪುಕ್ಕಲಿ ಸಂಜೆ ತಿರುಗಾಡಲು ಹೊರಟವಳಂತೆ, ಹಾಯಾಗಿ, ಒಂಟಿಯಾಗಿ ಗೆರೆ ದಾಟಿತು.

ಸಾಹೇಬರಿಗೆ ಬಂದದ್ದು ಸಿಟ್ಟು, ಭಯವಲ್ಲ. ಗುಬ್ಬಿ ತಪ್ಪಿಸಿಕೊಂಡ. ಕುದುರೆಗೆ ನಿಜವಾಗಿಯೂ ಹೆದರಿಕೆಯೇ ಇದ್ದದ್ದು, ತನ್ನ ಕೈಯ ಚಿಟಿಕೆ ಪುಡಿ ಅದನ್ನು ಅಳಿಸಿತು, ಆ ಕುಳ್ಳ ಹೇಳಿದ್ದೆಲ್ಲ ನಿಜ ಎಂಬುದು ಮುಳ್ಳಿನಂತೆ ಚುಚ್ಚಿತು. ಆದರೂ ಕಳೆದುಕೊಂಡದ್ದೇನು? ಕುದುರೆ ಗೆದ್ದರೆ ವಿಚಾರಣೆಯಿಲ್ಲ, ತೀರ್ಪಿಲ್ಲ, ಕುರ್ಚಿ ಭದ್ರ. ಅವರು ಕೋಟು ಸರಿಮಾಡಿಕೊಂಡು, ಮುಖಕ್ಕೆ ನಗೆ ಅಂಟಿಸಿಕೊಂಡು ಕೆಳಗಿಳಿದರು. ಭಾವಮೈದ ಓಡಿಬಂದು ಕೈ ಕುಲುಕಿದ. ಗುಬ್ಬಿ ಟೋಪಿ ತೆಗೆದು, ಒಂದಿಷ್ಟೂ ಕೊಂಕಿಲ್ಲದೆ, "ಇವತ್ತು ಒಂದು ಹನಿ ಬೆವ್ರಿಲ್ಲ ಸಾರ್! ನಿಮ್ ಲಾಯದಲ್ಲಿ ಅದೇನ್ ಮಾಯ ಮಾಡಿದ್ರೋ, ನಿಮ್ ಋಣ ತೀರ್ಸಕ್ಕಾಗಲ್ಲ" ಎಂದ.

ಸಾಹೇಬರು ಉದಾರವಾಗಿ ತಲೆಯಾಡಿಸುತ್ತಿದ್ದಾಗಲೇ ಪಶುವೈದ್ಯ ಬೆಚ್ಚಗಿನ ಸೀಸೆಯೊಂದನ್ನು ಹಿಡಿದು ಬಂದ. ಗೆದ್ದ ಕುದುರೆಯ ಮೂತ್ರ; ಮೊಹರು ಹಾಕಬೇಕಿತ್ತು, ಸಂಜೆಯೊಳಗೆ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಇಷ್ಟು ದಿನ ಸೋಲನ್ನು ಮಾತ್ರ ಲೆಕ್ಕ ಹಾಕಿದ್ದ ಸಾಹೇಬರು, ಆ ಸೀಸೆ ಬಿಸಿಲಿಗೆ ಹಳದಿಯಾಗಿ ಹೊಳೆಯುವುದನ್ನು ಸುಮ್ಮನೆ ನೋಡುತ್ತಾ ನಿಂತರು. "ನಿಮ್ಮದೇ ನಿಯಮ ಸಾರ್, ಕೇಳ್ಲೇಬೇಕು" ಎಂದು ಪಶುವೈದ್ಯ ಸಂಕೋಚದಿಂದ ನಕ್ಕ. "ಬೆಳಿಗ್ಗೆಯಿಂದ ಬೀಗ ತೆಗೆಯೋವರೆಗೆ ಈ ಕುದುರೆ ಹತ್ರ ಯಾರ್ಯಾರು ಹೋಗಿದ್ರು?" ಸಾಹೇಬರು ಜೇಬಿನೊಳಗಿನ ಕೀಲಿಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿದ್ದ ಕಿರಿಯ ತೀರ್ಪುಗಾರ ಎದೆ ಸೆಟೆಸಿ, ಅಧ್ಯಕ್ಷರಿಗೂ ಭಾವಮೈದನಿಗೂ ಕೇಳುವಂತೆ, ಹೇಳಿಕೊಟ್ಟ ಮಾತನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ: "ಸಾಹೇಬ್ರನ್ನ ಬಿಟ್ರೆ ಯಾರೂ ಮುಟ್ಟಿಲ್ಲ."