ತೆಗೆಯದ ಕನ್ನಡಕ

ಬಾಗಿಲು ಮುಚ್ಚಿತ್ತು, ಪರದೆ ಎಳೆದಿತ್ತು, ಉಸಿರಾಟದ ಯಂತ್ರ ನಿಂತಿತ್ತು. ಅದರ ಎಚ್ಚರಿಕೆ ಗಂಟೆಯನ್ನೂ ಯಾರೋ ಬಂದ್ ಮಾಡಿದ್ದರು. ಬಟ್ಟೆ ಒಣಹಾಕಿ ಬಂದ ನರ್ಸ್ ಕೈಪಂಪು ಒತ್ತಿ ಉಸಿರು ತುಂಬದಿದ್ದರೆ ಮನೆಯೊಡತಿ ಉಳಿಯುತ್ತಿರಲಿಲ್ಲ. ಆದರೂ ಇನ್ಸ್‌ಪೆಕ್ಟರು ಹಿಡಿದದ್ದು ಆ ನರ್ಸನ್ನೇ — ಗಂಟೆ ನಿಲ್ಲಿಸಲು ಬರುವುದು ಅವಳಿಗೆ ತಾನೇ? ನನಗಂತೂ ಮೈಯೆಲ್ಲ ಉರಿಯಿತು.

ಮನೆಯೊಡತಿಗೆ ಅಪರೂಪದ ನರರೋಗ. ವರ್ಷಗಳಿಂದ ಮಾತಿಲ್ಲ, ಕೈಕಾಲು ಅಲ್ಲಾಡುವುದಿಲ್ಲ. ಆ ಹೊತ್ತಿಗೆ ಮನೆಯಲ್ಲಿದ್ದವರು ಇನ್ನಿಬ್ಬರು: ಯಂತ್ರದ ಗಂಧಗಾಳಿ ಗೊತ್ತಿಲ್ಲದ ಗಂಡ, ಮತ್ತು ಅವಳ ಅಣ್ಣ. ಅಣ್ಣ ಡಾಕ್ಟರು, ಹರೆಯದಲ್ಲಿ ಇದೇ ರೋಗದ ಮೇಲೆ ಸಂಶೋಧನೆ ಮಾಡಿ ಹೆಸರಾದವರು.

ನನ್ನ ಪತ್ತೇದಾರ ಮಿತ್ರ ರೋಗಿಯ ಮುಖವನ್ನೇ ನೋಡುತ್ತ ನಿಂತ.

"ಈ ಕನ್ನಡಕ?"

"ದಿನಾ ಬೆಳಿಗ್ಗೆ ನಾನೇ ಹಾಕ್ತೀನಿ ಸರ್," ಎಂದಳು ನರ್ಸ್. "ಅಕ್ಕನಿಗೆ ಎಲ್ಲಾ ಕಾಣ್ಸುತ್ತೆ, ಕೇಳ್ಸುತ್ತೆ. ಹೌದು ಅನ್ನೋಕೆ ಕಣ್ಣು ಮುಚ್ತಾರೆ. ಎಷ್ಟು ಹೇಳಿದ್ರೂ ಇವರ್ಯಾರೂ ನಂಬಲಿಲ್ಲ."

"ಅದು ಬರೀ ನರದ ಸೆಳೆತ ಅಂತ ಭಾವನೇ ಹೇಳಿದ್ರಲ್ಲ," ಗಂಡ ಗೊಣಗಿದ.

ಡಾಕ್ಟರು ನಕ್ಕರು. "ಈ ರೋಗದಲ್ಲಿ ಮೊದಲು ಹೋಗೋದೇ ಅರಿವು. ನಾನೇ ಬರೆದಿದ್ದೀನಿ. ಕನ್ನಡಕ ಬೇಕಿದ್ರೆ ಗೋಡೆಗೂ ಹಾಕಿ."

ಮಿತ್ರ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ.

"ಡಾಕ್ಟ್ರೇ, ಈ ರೋಗದವರಿಗೆ ಅರಿವು ಹೋಗಲ್ಲ ಅಂತ ನಿಮ್ಮ ನಂತರದವರು ತೋರಿಸಿ ಎಷ್ಟೋ ಕಾಲ ಆಯ್ತಂತೆ. ಓದಿಲ್ವಾ?"

"ನಾನು ಓದೋದೇನಿದೆ?"

"ಅಲ್ಲೇ ಎಡವಿದ್ರಿ. ಯಂತ್ರದ ಸ್ವಿಚ್ಚು ಇರೋದು ಇವರ ಕಣ್ಣೆದುರಿಗೆ. ಬಾಗಿಲು, ಪರದೆ, ಗಂಟೆ — ಇಷ್ಟೆಲ್ಲ ಹುಷಾರಾಗಿದ್ದವರು ಕನ್ನಡಕ ಮಾತ್ರ ತೆಗೀಲಿಲ್ಲ. ನರ್ಸ್ ಆಗಿದ್ರೆ ಮೊದಲು ತೆಗೀತಿದ್ದದ್ದೇ ಅದನ್ನ. ಇವರಿಗೆ ಕಾಣುತ್ತೆ ಅಂತ ಅವಳಿಗೆ ಗೊತ್ತು." ಅವನು ಮಂಚದತ್ತ ಬಾಗಿದ. "ಅಮ್ಮ, ಯಂತ್ರ ನಿಲ್ಲಿಸಿದ್ದು ನರ್ಸಾ?"

ಕಣ್ಣುಗಳು ತೆರೆದೇ ಇದ್ದವು.

"ನಿಮ್ಮ ಅಣ್ಣನಾ?"

ರೆಪ್ಪೆಗಳು ನಿಧಾನವಾಗಿ ಮುಚ್ಚಿದವು.

ಗಂಡ ಗರಬಡಿದವನಂತೆ ನಿಂತ. ಇಷ್ಟು ವರ್ಷ ಅವಳೆದುರಿಗೇ ಏನೇನು ಆಡಿದ್ದನೋ. ಇನ್ಸ್‌ಪೆಕ್ಟರು ನರ್ಸಿನ ಕೈ ಬಿಟ್ಟರು.

"ಒಳಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ," ಎಂದರು ಡಾಕ್ಟರು, ಮಂಚದ ಪಟ್ಟಿ ಹಿಡಿದು. "ಬರೀ ದೇಹ ಯಾಕೆ ನರಳಬೇಕು ಅಂತ... ಪುಟ್ಟಿ, ನಿಂಗೆ ಎಲ್ಲಾ ಗೊತ್ತಾಗ್ತಿತ್ತಾ?"

ಅವಳು ಕಣ್ಣು ಮುಚ್ಚಿದಳು. ತೆರೆದಾಗ ನೀರು ಹರಿಯುತ್ತಿತ್ತು.

ನರ್ಸ್ ಕನ್ನಡಕ ತೆಗೆದು ಅವಳ ಕಣ್ಣೊರೆಸಿದಳು. "ಅಕ್ಕ, ಮತ್ತೆ ಹಾಕ್ಲಾ? ನಿಮ್ಮ ಅಣ್ಣನ್ನ ನೋಡ್ತೀರಾ?"

ಕಣ್ಣು ಮುಚ್ಚಲಿಲ್ಲ. ನರ್ಸ್ ಕನ್ನಡಕವನ್ನು ಕೈಯಲ್ಲೇ ಇಟ್ಟುಕೊಂಡಳು.