ಅಣ್ಣಪ್ಪನ ಹಿತ್ತಲಿನ ಕಡಲ ಹದ್ದು

ವಿನೋದನಿಗೆ ಹಗ್ಗ ಹಿಡಿಯುವವರು ಇರಲಿಲ್ಲ.

ಬರುತ್ತೇನೆಂದವನು ಮೀನಿಗೆ ಹೋಗಿದ್ದ. ವಿನೋದ ಒಬ್ಬನೇ ಮಂಕಿ ಊರಿನ ಅಣ್ಣಪ್ಪನ ಹಿತ್ತಲಿನ ಮಾವಿನ ಮರ ಹತ್ತಿ ಅರ್ಧದಲ್ಲಿ ಸಿಕ್ಕಿಕೊಂಡಿದ್ದ. 2001ರ ಡಿಸೆಂಬರ್. ಶಾಲೆ ಮುಗಿಸಿ ಹೊರಟಿದ್ದ ಶಿಕ್ಷಕಿ ಮಾಲಿನಿಗೆ ಮೇಲಿನಿಂದ ಕೂಗು ಕೇಳಿಸಿತು.

“ಅಕ್ಕೋರೇ! ಆ ಹಗ್ಗ ತೆಂಗಿನ ಮರಕ್ಕೆ ಒಂದು ಸುತ್ತು ಹಾಕಿ ಹಿಡ್ಕಳಿ!”

“ನಾ ಅಕ್ಕೋರು ಅಂತ ಹೇಂಗೆ ಗೊತ್ತಾತು?”

“ಸೀರೆ ತುಂಬ ಸೀಮೆಸುಣ್ಣ! ಮೊದ್ಲು ಹಿಡೀರಿ ಮಾರಾಯ್ರೆ!”

“ಬಿಟ್ರೆ ಎಂತ ಆಗ್ತದೆ?”

“ನಾ ಸಾಯ್ತೆ. ಅಷ್ಟೆ.”

ಅವಳು ಹಿಡಿದಳು. ಹತ್ತು ನಿಮಿಷ ಒಬ್ಬ ಅಪರಿಚಿತನ ಜೀವ ಅವಳ ಅಂಗೈಯಲ್ಲಿ ಉರಿಯಿತು. ಅವನು ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ ಗೂಡಿನೊಳಗೆ ನೋಡಿ ಕೆಳಗಿಳಿದ.

“ಎರಡು ಮೊಟ್ಟೆ!” ಎಂದ. ಆಮೇಲೆ ಅವಳ ಕೈ ಕಂಡಿತು. “ಅಯ್ಯೋ... ಸುಲಿದೇ ಹೋಯ್ತಲ್ಲ!”

‘ಈಗ ಕಂಡಿತಾ ಇವನಿಗೆ?’ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹಿರೇಗುತ್ತಿಯ ವಿನೋದ ಕಡಲ ಹದ್ದುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಭಟ್ಕಳದಿಂದ ಕುಮಟಾವರೆಗೆ ಅವನು ಹುಡುಕಿದ ಒಂಬತ್ತು ಗೂಡುಗಳಲ್ಲಿ ಆ ವರ್ಷ ಮೊಟ್ಟೆ ಇದ್ದದ್ದು ಇದೊಂದರಲ್ಲೇ. ಅವು ಮರಿಯಾಗಿ ಹಾರುವವರೆಗೆ ಅವನು ಇನ್ನು ಮರ ಹತ್ತುವಂತಿರಲಿಲ್ಲ. ಪ್ರತಿ ಭಾನುವಾರ ದೂರದ ಗದ್ದೆಯ ಅಂಚಿನಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದ. ಪಕ್ಕದಲ್ಲಿ ಮಾಲಿನಿ.

ಅವಳು ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. ಅವನು ಒಂದನ್ನು ಓದಿ ನಕ್ಕ.

“ಹದ್ದಿಗೆ ಕಿರೀಟ ಎಂತಕೆ ಅಕ್ಕೋರೆ? ತಲೆ ಭಾರ ಆಗಿ ಬಿದ್ದು ಹೋಗ್ತದೆ! ಕಂಡದ್ದು ಬರೀರಿ. ಕಂಡಷ್ಟೇ ಬರೀರಿ.”

ಅವಳು ಕಂಡಷ್ಟೇ ಬರೆದಳು. ಅಣ್ಣಪ್ಪನ ಹಿತ್ತಲು, ಶಾಲೆಯಿಂದ ಅಲ್ಲಿಗೆ ಹೋಗುವ ಕಾಲುದಾರಿ, ಮೊದಲ ಕವಲು, ಎಡಗಾಲು ಇಡುವ ಗಂಟು. ಅವನು ಪೆನ್ಸಿಲ್ ಹಿಡಿದು ಓದಿದ. ರೆಕ್ಕೆಯ ಅಳತೆ ಮಾತ್ರ ತಿದ್ದಿದ.

“ಒಂದು ಸುಳ್ಳೂ ಇಲ್ಲ!” ಎಂದ. ಅವಳಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಜನವರಿಯಲ್ಲಿ ಕುಮಟಾದ ವಾರಪತ್ರಿಕೆಯೊಂದರ ಮಕ್ಕಳ ಪುಟದಲ್ಲಿ ಕಥೆ ಬಂತು. ಮರುದಿನವೇ ಅವಳ ಐದನೇ ತರಗತಿಯ ಧನ್ಯಾ ಆ ಪುಟವನ್ನು ಲಂಗದಲ್ಲಿ ಸಿಕ್ಕಿಸಿಕೊಂಡು ಮರ ಹತ್ತಿದಳು. ಕಥೆಯಲ್ಲಿದ್ದ ಹಾಗೇ ಕಾಲಿಟ್ಟಳು. ಗೂಡಿನ ಹತ್ತಿರ ಹದ್ದು ಎರಗಿತು. ಬಿದ್ದಳು.

ತೊಡೆಯ ಮೂಳೆ ಮುರಿಯಿತು.

ಅಣ್ಣಪ್ಪ ಕಾಯಲಿಲ್ಲ. “ನಾಳೆ ಮತ್ತೊಂದು ಹುಡ್ಗಿ ಬಿದ್ರೆ ಅವಳ ಅಬ್ಬೆಗೆ ನಾ ಎಂತ ಹೇಳ್ಲಿ?” ಎಂದು ಮರ ಕಡಿಸಿದ. ವಿನೋದ ಬಂದಾಗ ಕೊಂಬೆಗಳ ನಡುವೆ ಮೊಟ್ಟೆಯ ಲೋಳೆ ಒಣಗಿತ್ತು.

“ಇದು ಕಥೆಯಾ?” ಅವನು ಎಲ್ಲರೆದುರು ಮಾಲಿನಿಯ ಮೇಲೆ ಕೂಗಿದ. “ಮರ ಹತ್ತೂಕೆ ದಾರಿ ಬರ್ದು ಕೊಟ್ಟಿದ್ರಿ ನೀವು!”

‘ನೀವೇ ಓದಿದ್ದಿರಿ... ನೀವೇ ತಿದ್ದಿದ್ದಿರಿ...’ ಎಂದು ಮನಸ್ಸಿನಲ್ಲೇ ಅಂದುಕೊಂಡಳು ಮಾಲಿನಿ. ಧನ್ಯಾಳ ತಾಯಿ ನಾಗಿ ಅಲ್ಲೇ ನಿಂತು ಅವಳನ್ನೇ ನೋಡುತ್ತಿದ್ದಳು.

ವಿನೋದ ಹೋದ. ಸಂಶೋಧನೆ ಬಿಟ್ಟ ಎಂಬ ಸುದ್ದಿ ಮಾತ್ರ ಬಂತು. ಮಾಲಿನಿ ಅದೇ ಶಾಲೆಯಲ್ಲಿ ಉಳಿದಳು. ಒಂದು ಕಾಲು ಗಿಡ್ಡವಾದ ಧನ್ಯಾ ಕುಂಟುತ್ತಾ ಏಳನೇ ತರಗತಿ ಮುಗಿಸುವುದನ್ನು ನೋಡಿದಳು. ಮತ್ತೆ ಒಂದು ಸಾಲೂ ಬರೆಯಲಿಲ್ಲ. ಬಂದ ಸಂಬಂಧಗಳನ್ನು ಬೇಡವೆಂದಳು. ಯಾಕೆಂದು ಮನೆಯವರು ಕೇಳುವುದನ್ನೂ ಬಿಟ್ಟರು.

2009ರ ಜನವರಿಯಲ್ಲಿ ವಿನೋದ ಶಾಲೆಯ ಜಗಲಿಗೆ ಬಂದ. ಕೂದಲು ನರೆತಿತ್ತು.

“ತಿದ್ದಿದ್ದು ನಾನು,” ಎಂದ.

“ಗೊತ್ತು.”

“ಮರೆತು ಕೂಗಿದ್ದಲ್ಲ ಮಾಲಿನಿ. ಅವತ್ತೂ ನೆನಪಿತ್ತು. ಒಪ್ಪಿಕೊಳ್ಳೂಕೆ ಹೆದ್ರಿಕೆ ಆಯ್ತು.”

ಇಷ್ಟು ವರ್ಷ ಅವಳು ‘ಪಾಪ, ಮರೆತಿರಬೇಕು’ ಎಂದುಕೊಂಡೇ ಅವನನ್ನು ಕ್ಷಮಿಸಿದ್ದಳು! ಈಗ ಮತ್ತೆ ಮೊದಲಿನಿಂದ ಕ್ಷಮಿಸಬೇಕಾಗಿತ್ತು.

“ಆ ದಿನ ನೀವಾದ್ರೂ ಯಾಕೆ ಹೇಳಲಿಲ್ಲ?” ಅವನು ಕೇಳಿದ.

“ಹೇಳಿದ್ರೆ ಹುಡುಗಿಯ ಕಾಲು ಸರಿ ಆಗ್ತಿತ್ತಾ?”

ಅವನು ತಲೆ ತಗ್ಗಿಸಿದ. “ನಾನು ಮದ್ವೆ ಆಗಲಿಲ್ಲ. ನಿಮ್ಮ ಬಿಟ್ಟು ಬೇರೆ ಯಾರೂ... ಕೇಳೂಕೆ ಮುಖ ಇಲ್ಲ. ಆದ್ರೂ ಕೇಳ್ತೆ. ನನ್ನ ಜೊತೆ ಇರ್ತೀರಾ?”

“ಮೊದ್ಲು ನಾಗಿಯ ಮನೆಗೆ ಬನ್ನಿ. ಅಲ್ಲಿ ಹೇಳಿ, ತಿದ್ದಿದ್ದು ನಾನು ಅಂತ.”

“ಆತು. ಆಮೇಲೆ?”

“ಆಮೇಲೆ... ಇರ್ತೆ.”

“ಮತ್ತೆ ಬರೀತೀರಾ?”

“ಇಲ್ಲ. ಅದನ್ನು ಕೇಳಬೇಡಿ.”

ಇಬ್ಬರೂ ನಾಗಿಯ ಮನೆಯತ್ತ ನಡೆದರು.

ಹೋದದ್ದು ಇಷ್ಟು: ಒಂದು ಮಾವಿನ ಮರ, ಎರಡು ಮೊಟ್ಟೆ, ಧನ್ಯಾಳ ಎಡಗಾಲಿನ ಒಂದೂವರೆ ಅಂಗುಲ, ಏಳು ವರ್ಷ.